ಮಾರ್ಕೆಟ್‌ನಲ್ಲೂ ಪರೀಕ್ಷೆ: ಹೋಂ ಸ್ಕೂಲಿಂಗ್ ಮಾಡುವ ಒಂದು ಕುಟುಂಬದ ಪ್ರಕರಣ

ಈ ಕುಟುಂಬದ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಊರು ಮೈಸೂರು, ಅದನ್ನು ಬದಲಿಸಿಲ್ಲ. ಬಡಾವಣೆ, ಕೆಲಸ, ವಯಸ್ಸಿನಂಥ ಗುರುತುಗಳನ್ನು ಸ್ವಲ್ಪ ಬದಲಿಸಿದ್ದೇನೆ. ಸುಳ್ಳು ಹೆಸರೂ ಬೇಡ ಅಂತ ಅವರು ಕೇಳಿಕೊಂಡರು. ಹಾಗಾಗಿ ಅಮ್ಮ, ಅಪ್ಪ, ಮಗಳು, ಮಗ, ಅಜ್ಜಿ ಅಂತಲೇ ಕರೆಯುತ್ತೇನೆ.

ಸಲಹೆ ಕೇಳಿ ನನ್ನ ಹತ್ತಿರ ಮೊದಲು ಬಂದವರು ಅಮ್ಮ, ಒಬ್ಬರೇ. ವಯಸ್ಸು ಮೂವತ್ತಾರು. ಮಗಳಿಗೆ ಹತ್ತು, ಮಗನಿಗೆ ಎಂಟು. ಎರಡು ವರ್ಷದಿಂದ ಇಬ್ಬರೂ ಶಾಲೆಗೆ ಹೋಗುತ್ತಿಲ್ಲ, ಮನೆಯಲ್ಲೇ ಕಲಿಯುತ್ತಾರೆ. ಮಗಳಿಗೆ ದಿನಾ ಬೆಳಗ್ಗೆ ಹೊಟ್ಟೆನೋವು ಬರುತ್ತಿತ್ತು, ಡಾಕ್ಟರು ಏನೂ ಇಲ್ಲ ಅಂದರು, ಭಾನುವಾರ ಮಾತ್ರ ನೋವು ಇರುತ್ತಿರಲಿಲ್ಲ. ಯೋಚನೆ ಮಾಡಿ, ಗಂಡ ಹೆಂಡತಿ ಇಬ್ಬರೂ ಒಪ್ಪಿ, ಶಾಲೆ ಬಿಡಿಸಿದ್ದರು. ಅಮ್ಮ ತಮ್ಮ ಕೆಲಸವನ್ನೂ ಬಿಟ್ಟರು.

ಈಗಿನ ತೊಂದರೆ ಮಕ್ಕಳದ್ದಲ್ಲ, ತಮ್ಮದು ಅಂದರು. ರಾತ್ರಿ ನಿದ್ದೆ ಬರಲ್ಲ. ಸಣ್ಣ ಮಾತಿಗೂ ಸಿಟ್ಟು. ಹಿಂದಿನ ವಾರ ದೇವರಾಜ ಮಾರ್ಕೆಟ್‌ನಲ್ಲಿ ಮಗನಿಗೆ, "ಎಂಟು ನಿಂಬೆಹಣ್ಣು ನಲವತ್ತು ರೂಪಾಯಿ ಅಂದ್ರೆ ಒಂದಕ್ಕೆಷ್ಟು?" ಅಂತ ಕೇಳಿದ್ದಾರೆ. ಅವನು ಸುಮ್ಮನಿದ್ದ. ಮತ್ತೆ ಕೇಳಿದ್ದಾರೆ. ಮೂರನೇ ಸಲ ಗದರಿದಾಗ ಅವನು ಹೂವಿನ ಸಾಲಿನ ಮುಂದೆ ನೆಲದ ಮೇಲೆ ಕೂತು ಅತ್ತುಬಿಟ್ಟ. ಹೂವಿನವರು, ಗಿರಾಕಿಗಳು ಎಲ್ಲರೂ ನೋಡುತ್ತಿದ್ದರು. "ಶಾಲೆ ಬೇಡ ಅಂತ ಕರ್ಕೊಂಡು ಬಂದೆ ಮೇಡಂ. ಈಗ ಆ ಟೀಚರ್‌ಗಿಂತ ನಾನೇ ಜಾಸ್ತಿ ಕಿರುಚ್ತೀನಿ" ಅಂದರು.

ಊಟ, ನಿದ್ದೆ, ಮನಸ್ಸಿನ ಭಾರ, ಬದುಕು ಬೇಡ ಅನ್ನಿಸುವ ಯೋಚನೆ ಇವನ್ನೆಲ್ಲ ಮೊದಲೇ ವಿವರವಾಗಿ ಕೇಳಿದೆ. ಖಿನ್ನತೆಯ ಲಕ್ಷಣ ಕಾಣಲಿಲ್ಲ. ಕಂಡಿದ್ದರೆ ಮನೋವೈದ್ಯರ ಹತ್ತಿರ ಕಳಿಸಿ ಆಮೇಲೆ ಬೇರೆ ಮಾತು. ಕಂಡದ್ದು ಬಳಲಿಕೆ ಮತ್ತು ಭಯ. ಭಯಕ್ಕೆ ಒಂದು ಪುಸ್ತಕವೂ ಇತ್ತು. ಬ್ಯಾಗಿನಿಂದ ತೆಗೆದು ತೋರಿಸಿದರು. ಉದ್ದನೆಯ ಲೆಕ್ಕದ ಪುಸ್ತಕ, ಪ್ರತಿ ಪುಟಕ್ಕೂ ಐದು ಕಾಲಂ: ಭಾಷೆ, ಗಣಿತ, ವಿಜ್ಞಾನ, ಸಮಾಜ, ಕಲೆ. ಐದಕ್ಕೂ ಬೇರೆ ಬೇರೆ ಬಣ್ಣದ ಪೆನ್ನು. ದಿನದ ಕೊನೆಗೆ ಯಾವುದಾದರೂ ಕಾಲಂ ಖಾಲಿ ಉಳಿದರೆ ರಾತ್ರಿ ಒಂಬತ್ತಕ್ಕೆ ಮಕ್ಕಳನ್ನು ಕೂರಿಸಿ ಒಂದು ವರ್ಕ್‌ಶೀಟ್ ಮಾಡಿಸಿ ತುಂಬುತ್ತಾರೆ.

ಯಾಕೆ ಅಂತ ಕೇಳಿದೆ. ಅಪ್ಪ ಆಫೀಸಿಂದ ಬಂದು ಊಟಕ್ಕೆ ಕೂತಾಗ, "ಇವತ್ತು ಏನ್ ಕಲಿತ್ರಿ?" ಅಂತಾರೆ. ಮಕ್ಕಳು, "ಏನಿಲ್ಲ" ಅಂತಾರೆ. ಒಳಗಿಂದ ಅಜ್ಜಿ, "ಏನ್ ಕಲೀತಾವೆ, ಬೆಳಗ್ಗೆಯಿಂದ ಬೀದಿ ಸುತ್ತಿಸ್ಕೊಂಡು ಬಂದಿದಾಳೆ" ಅಂತಾರೆ. ಆಗ ಪುಸ್ತಕ ತೆಗೆದು ತೋರಿಸಬೇಕು. ಅದು ಅವರಿಗೆ ಸಾಕ್ಷಿ.

ನಾನು ಆ ದಿನ ಸಲಹೆ ಏನೂ ಕೊಡಲಿಲ್ಲ. ಒಂದು ದಿನ ಬೆಳಗ್ಗೆಯಿಂದ ರಾತ್ರಿವರೆಗೆ ನಡೆದದ್ದನ್ನು ನಡೆದ ಹಾಗೇ ಬರೆದುಕೊಂಡು ಬನ್ನಿ, ಕಾಲಂ ಬೇಡ, ಇದು ಪಾಠ ಇದು ಪಾಠ ಅಲ್ಲ ಅಂತ ತೂಗೋದೂ ಬೇಡ, ಅಂದೆ. ದಸರಾಗೆ ಎರಡು ವಾರ ಇತ್ತು. ಮನೆಯಲ್ಲಿ ಗೊಂಬೆ ಕೂರಿಸುತ್ತಾರೆ, ಹಾಗಾಗಿ ಓಡಾಟ ಜಾಸ್ತಿ. ಅವರು ತಂದ ಹಾಳೆಗಳಲ್ಲಿ ಇದ್ದದ್ದನ್ನು ಕೊಂಚ ಕುಗ್ಗಿಸಿ ಹೇಳುತ್ತೇನೆ.

ಬೆಳಗ್ಗೆ ಬಸ್ಸು. ಶಕ್ತಿ ಯೋಜನೆ ಇರುವುದರಿಂದ ಅಮ್ಮನಿಗೂ ಮಗಳಿಗೂ ಶೂನ್ಯ ಟಿಕೆಟ್. ಮಗನಿಗೆ ಮಾತ್ರ ಅರ್ಧ ಟಿಕೆಟ್. "ನಮ್ಮನೇಲಿ ಬಸ್ಸಿಗೆ ದುಡ್ಡು ಕೊಡೋನು ನಾನೊಬ್ನೇ" ಅಂತ ಅವನು ಟಿಕೆಟನ್ನು ಜೇಬಲ್ಲಿ ಜೋಪಾನವಾಗಿ ಇಟ್ಟುಕೊಳ್ಳುತ್ತಾನೆ. ಬಸ್ಸುಗಳನ್ನು ನಂಬರಿಂದ ಗುರುತು ಹಿಡಿಯುತ್ತಾನೆ. 201 ದೂರದಲ್ಲಿ ಕಂಡರೆ ಸಾಕು, ಚಾಮುಂಡಿ ಬೆಟ್ಟದ ಬಸ್ಸು ಅಂತಾನೆ. ಬೋರ್ಡನ್ನು ಓದು ಅಂದರೆ "ಚಾಮುಂಡಿ ಬೆಟ" ಅಂತ ಓದಿ ನಿಲ್ಲಿಸುತ್ತಾನೆ. ಈ ಸಾಲಿನ ಕೆಳಗೆ ನಾನು ಪೆನ್ಸಿಲ್ಲಿಂದ ಗೆರೆ ಎಳೆದೆ. ಆಮೇಲೆ ಅಲ್ಲಿಗೆ ಬರುತ್ತೇನೆ.

ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ. ಅಲ್ಲಿಂದ ಚಿಕ್ಕ ಗಡಿಯಾರದ ಹತ್ತಿರದಿಂದ ಮಾರ್ಕೆಟ್ ಒಳಗೆ. ಅರಿಶಿನ, ಕುಂಕುಮ, ಬಾಳೆಹಣ್ಣು, ಎರಡು ಮೊಳ ಮಲ್ಲಿಗೆ. ಹೂವಿನಾಕೆ ಮೊಣಕೈಯಿಂದ ಬೆರಳ ತುದಿವರೆಗೆ ಅಳೆದು ಕತ್ತರಿಸಿಕೊಟ್ಟರು. ದಾರಿಯುದ್ದಕ್ಕೂ ಅಕ್ಕ ತಮ್ಮನಿಗೆ ಜಗಳ: ಆಕೆಯ ಕೈ ಚಿಕ್ಕದು, ನಮಗೆ ಕಮ್ಮಿ ಕೊಟ್ಟರು ಅಂತ ಅವನು, ಇಲ್ಲ ಅಂತ ಅವಳು. ಮನೆಗೆ ಬಂದವರೇ ಟೇಪ್ ತಂದು ಅಳೆದರು. ಹೂವು 92 ಸೆಂಟಿಮೀಟರ್. ಅಮ್ಮನ ಮೊಳ 44, ಅಕ್ಕನದು 36, ತಮ್ಮನದು 33. ಆಕೆ ಜಾಸ್ತಿಯೇ ಕೊಟ್ಟಿದ್ದರು. ಹಾಗಾದರೆ ಉದ್ದ ಕೈಯವರ ಅಂಗಡಿಯಲ್ಲೇ ಹೂವು ತಗೋಬೇಕು ಅಂತ ತಮ್ಮ ತೀರ್ಮಾನ ಮಾಡಿದ. ಅಷ್ಟು ಉದ್ದ ಕೈಯವರು ರೇಟೂ ಜಾಸ್ತಿ ಹೇಳಬಹುದಲ್ವಾ ಅಂತ ಅಕ್ಕ.

ಮಧ್ಯಾಹ್ನ ರಾಗಿ ಹಿಟ್ಟಿನ ಮಿಲ್, ಟೈಲರ್. ಸಂಜೆ ಗೊಂಬೆ ಕೆಲಸ. ಮಗಳು ಚಪ್ಪಲಿ ಡಬ್ಬಿಗಳನ್ನು ಅಂಟಿಸಿ ದೇವರಾಜ ಮಾರ್ಕೆಟ್ ಕಟ್ಟುತ್ತಿದ್ದಾಳೆ. ಧನ್ವಂತ್ರಿ ರಸ್ತೆ ಕಡೆ 2016ರಲ್ಲಿ ಕುಸಿದ ಭಾಗವನ್ನು ಕುಸಿದ ಹಾಗೇ ಮಾಡಬೇಕು ಅಂತ ಅವಳ ಹಟ. ಗೊಂಬೆ ಕೂರಿಸೋ ಕಡೆ ಮುರಿದದ್ದು ಇಡಬಾರದು ಅಂತ ಅಜ್ಜಿ. ಮಗ ಜೇಡಿಮಣ್ಣಿನಲ್ಲಿ ಬಾಳೆಗೊನೆ, ತಕ್ಕಡಿ, ಮಲಗಿದ ನಾಯಿ ಮಾಡಿದ್ದಾನೆ. ಗೊಂಬೆಗಳ ಮುಂದೆ ಪಾರ್ಕ್ ಮಾಡೋಕೆ ತಟ್ಟೆಯಲ್ಲಿ ರಾಗಿ ಬಿತ್ತಿದ್ದಾನೆ. ಒಂದು ಡಬ್ಬಿ ಮಂಚದ ಕೆಳಗೆ ಮರೆತುಹೋಗಿತ್ತು. ಅದರ ಪೈರು ಹಳದಿಯಾಗಿ, ತಟ್ಟೆಯದಕ್ಕಿಂತ ಎತ್ತರ ಬೆಳೆದಿತ್ತು. ಬಿಸಿಲಲ್ಲಿದ್ದದ್ದು ಗಿಡ್ಡ, ಕತ್ತಲಲ್ಲಿದ್ದದ್ದು ಉದ್ದ, ಇದೇನು ಉಲ್ಟಾ ಅಂತ ಮನೆಯವರನ್ನೆಲ್ಲ ಕರೆದು ತೋರಿಸಿದ್ದಾನೆ.

ಇಷ್ಟು ಬರೆದು ಕೊನೆಗೆ ಅಮ್ಮ ಬರೆದ ಸಾಲು: "ಇವತ್ತು ವಿಜ್ಞಾನ ಇಲ್ಲ, ಗಣಿತ ಇಲ್ಲ. ರಾತ್ರಿ ಭಾಗಾಕಾರದ ಒಂದು ಶೀಟ್ ಮಾಡಿಸಿದೆ. ಇಬ್ಬರೂ ಅತ್ತರು."

ಈ ಸಾಲನ್ನು ಅವರ ಕೈಲೇ ಎರಡು ಸಲ ಓದಿಸಿದೆ. ಪೈರು ಕತ್ತಲಲ್ಲಿ ಬೆಳಕು ಹುಡುಕಿಕೊಂಡು ಉದ್ದ ಚಾಚುತ್ತದೆ, ಬೆಳಕಿಲ್ಲದೆ ಹಸಿರು ಹುಟ್ಟುವುದಿಲ್ಲ ಅನ್ನೋದು ಪಠ್ಯಪುಸ್ತಕದಲ್ಲಿ ಇರುವ ಪಾಠವೇ. ಮೊಳ ಯಾಕೆ ಸಾಲದು, ಎಲ್ಲರಿಗೂ ಒಂದೇ ಅಳತೆ ಯಾಕೆ ಬೇಕಾಯಿತು ಅನ್ನೋದೂ ಪಾಠವೇ. ಇವು ಯಾಕೆ ಕಾಲಂಗೆ ಬರಲಿಲ್ಲ? ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, "ನಾನು ಕೇಳಿದ್ದಲ್ವಲ್ಲ ಮೇಡಂ, ಅದಕ್ಕೆ" ಅಂದರು.

ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಮನೆಯಲ್ಲಿ ಕಲಿಸುವವರು, "ಅಂಗಡಿಗೆ ಹೋಗೋದೂ ಪಾಠ, ಅಡುಗೆ ಮಾಡೋದೂ ಪಾಠ" ಅಂತ ಹೇಳುತ್ತಾರೆ. ನಿಜ, ಅದರಲ್ಲಿ ಕಲಿಕೆ ಬೇಕಾದಷ್ಟಿದೆ. ಆದರೆ ಪ್ರತಿಯೊಂದನ್ನೂ ದೊಡ್ಡವರು ಪಾಠ ಮಾಡಲು ಹೊರಟರೆ ಮಗುವಿಗೆ ಬಿಡುವೇ ಇರುವುದಿಲ್ಲ. ಶಾಲೆಯ ಮಗುವಿಗೆ ಸಂಜೆ ನಾಲ್ಕಕ್ಕೆ ಗಂಟೆ ಹೊಡೆಯುತ್ತದೆ. ಈ ಮಕ್ಕಳಿಗೆ ಗಂಟೆ ಹೊಡೆಯುವವರೇ ಇಲ್ಲ. ಅಮ್ಮನಿಗೂ ಇಲ್ಲ.

ಮುಂದಿನ ಭೇಟಿಯಲ್ಲಿ ಮಕ್ಕಳ ಜೊತೆ ಬೇರೆ ಬೇರೆಯಾಗಿ ಮಾತಾಡಿದೆ. ಮಗಳು, "ಮಾರ್ಕೆಟ್‌ಗೆ ಹೋಗೋದು ತುಂಬಾ ಇಷ್ಟ ಆಂಟಿ. ಅಮ್ಮ ಅಂಗಡಿಯವರನ್ನ ಕೇಳಲ್ಲ, ನಮ್ಮನ್ನೇ ಕೇಳ್ತಾರೆ, ಅದೊಂದೇ ಇಷ್ಟ ಇಲ್ಲ" ಅಂದಳು. ಮಗ ತುಂಬಾ ಹೊತ್ತು ಮಣ್ಣಿನ ಜೊತೆ ಆಡಿದ. ಆಮೇಲೆ ತಲೆ ಎತ್ತದೆ, "ಅಲ್ಲಿ ಕೇಳಿದ್ರೆ ನಂಗೆ ಬರಲ್ಲ ಅಂತ ಎಲ್ರಿಗೂ ಗೊತ್ತಾಗತ್ತೆ" ಅಂದ. ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆಯನ್ನು ಮಕ್ಕಳು ಕ್ಷಣದಲ್ಲಿ ಗುರುತು ಹಿಡಿಯುತ್ತಾರೆ. ಶಾಲೆಯಲ್ಲಾದರೆ ನಲವತ್ತು ಮಕ್ಕಳ ನಡುವೆ ತಪ್ಪಿಸಿಕೊಳ್ಳಬಹುದು. ಅಮ್ಮನ ಕೈ ಹಿಡಿದು ನಡೆಯುವಾಗ ಎಲ್ಲಿಗೆ ತಪ್ಪಿಸಿಕೊಳ್ಳೋದು?

ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಇದೇ. ಹೊರಗೆ ಹೋದಾಗ ಪ್ರಶ್ನೆ ಬೇಡ, ಕೆಲಸ ಕೊಡಿ. ಮಗಳ ಕೈಗೆ ಇನ್ನೂರು ರೂಪಾಯಿ ಮತ್ತು ಚೀಟಿ ಕೊಟ್ಟು, ನೀನೇ ತಗೊಂಡು ಬಾ, ನಾನು ಇಲ್ಲಿ ನಿಂತಿರ್ತೀನಿ, ಅನ್ನಿ. ಚಿಲ್ಲರೆ ಕಮ್ಮಿ ಬಂದರೆ ಅವಳೇ ಹೋಗಿ ಕೇಳಲಿ. ಮಗನಿಗೆ ಮಿಲ್‌ನ ಕೆಲಸ: ರಾಗಿ ಎಷ್ಟು ಕೊಟ್ಟೆವು, ಹಿಟ್ಟು ಎಷ್ಟು ಬಂತು ಅಂತ ತೂಕ ನೋಡಿಕೊಳ್ಳೋದು ಅವನ ಜವಾಬ್ದಾರಿ. ತಪ್ಪಾದರೆ ಆಗಲಿ. ಮನೆಗೆ ಬಂದ ಮೇಲೆ ಅದನ್ನು ಬರೆಸಬೇಡಿ.

ಐದು ಕಾಲಂ ಪುಸ್ತಕವನ್ನು ದೀಪಾವಳಿವರೆಗೆ ಮುಚ್ಚಿಡಿ ಅಂದೆ. ಬಿಡೋಕೆ ಆಗಲ್ಲ ಅಂದರು. ಅದಕ್ಕೆ ಬದಲಾಗಿ ಒಂದು ರಟ್ಟಿನ ಡಬ್ಬಿ ಇಡಲು ಹೇಳಿದೆ. ಮಕ್ಕಳ ಚಿತ್ರ, ಅಳತೆಯ ಚೀಟಿ, ಅವನ ಬಸ್ ಟಿಕೆಟ್, ಬೇಕಾದ್ದನ್ನು ತಾರೀಖು ಬರೆದು ಹಾಕಲಿ. ತಿಂಗಳಿಗೊಮ್ಮೆ ಎಲ್ಲರೂ ಕೂತು ತೆಗೆದು ನೋಡಿ. ಒಂದು ದಿನದಲ್ಲಿ ಕಾಣದ ಬೆಳವಣಿಗೆ ತಿಂಗಳಲ್ಲಿ ಕಾಣುತ್ತದೆ.

ಇದರ ಜೊತೆಗೇ ಇನ್ನೊಂದು ಮಾತನ್ನೂ ಹೇಳಿದೆ. ಅಮ್ಮನಿಗೆ ಅದು ಆಶ್ಚರ್ಯವಾಯಿತು. ಬೆಳಗ್ಗೆ ತಿಂಡಿ ಆದ ಮೇಲೆ ಒಂದು ಗಂಟೆ ಓದು ಮತ್ತು ಲೆಕ್ಕಕ್ಕೆ ಅಂತಲೇ ಇಡಿ, ದಿನಾ, ಅದೇ ಹೊತ್ತಿಗೆ. ಮಾರ್ಕೆಟ್ ಸುತ್ತಿದರೆ ಒತ್ತಕ್ಷರ ಬರುವುದಿಲ್ಲ. ಭಾಗಾಕಾರದ ಕ್ರಮವೂ ಬರುವುದಿಲ್ಲ. ಕೆಲವು ವಿಷಯಗಳಿಗೆ ದಿನಾ ಕೂತು ಮಾಡುವ ಅಭ್ಯಾಸವೇ ಬೇಕು. ಆ ಒಂದು ಗಂಟೆ ಗಟ್ಟಿಯಾಗಿ ಇದ್ದರೆ ಉಳಿದ ದಿನದ ಬಗ್ಗೆ ಅಮ್ಮನ ಭಯ ತಾನಾಗೇ ಕಮ್ಮಿಯಾಗುತ್ತದೆ. ರಾತ್ರಿ ಒಂಬತ್ತರ ವರ್ಕ್‌ಶೀಟ್ ಮಾತ್ರ ಪೂರ್ತಿ ನಿಲ್ಲಬೇಕು, ಅದರಲ್ಲಿ ಮಾತಿಲ್ಲ.

ಈಗ ಗೆರೆ ಎಳೆದ ಸಾಲಿಗೆ ಬರುತ್ತೇನೆ. ಕನ್ನಡದ ಅಕ್ಷರಮಾಲೆ, ಕಾಗುಣಿತ, ಒತ್ತಕ್ಷರ ಇಷ್ಟರ ಮೇಲೂ ಪೂರ್ತಿ ಹಿಡಿತ ಬರಲು ಮಕ್ಕಳಿಗೆ ವರ್ಷಗಳೇ ಬೇಕು. ನಾಲ್ಕನೇ ತರಗತಿ ದಾಟಿದರೂ ಕೆಲವರು ಒತ್ತಕ್ಷರದಲ್ಲಿ ತಡವರಿಸುತ್ತಾರೆ. ಹಾಗಾಗಿ ಎಂಟು ವರ್ಷದ ಹುಡುಗ "ಬೆಟ" ಅಂತ ಓದಿದ ಮಾತ್ರಕ್ಕೆ ಗಾಬರಿ ಬೇಡ. ಆದರೆ ಇವನಲ್ಲಿ ಬೇರೆಯದೂ ಇತ್ತು. ಕಥೆ ಹೇಳಿದರೆ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾನೆ, ಬಾಯಲ್ಲಿ ಲೆಕ್ಕ ಹೇಳುತ್ತಾನೆ, ಓದಲು ಕೊಟ್ಟರೆ ಮಾತ್ರ ನೀರು ಕುಡಿಯಬೇಕು, ಬಾತ್‌ರೂಮಿಗೆ ಹೋಗಬೇಕು ಅಂತಾನೆ. ಒಂದೇ ಪದವನ್ನು ಒಂದೇ ಪುಟದಲ್ಲಿ ಎರಡು ಥರ ಓದುತ್ತಾನೆ. ಇಷ್ಟು ಕಂಡಾಗ ಕಾಯುವುದು ಸರಿಯಲ್ಲ. ಕಣ್ಣು ಮತ್ತು ಕಿವಿ ಪರೀಕ್ಷೆ ಮಾಡಿಸಿ, ಆಮೇಲೆ ಕಲಿಕೆಯ ತೊಂದರೆ ಇದೆಯೇ ಅಂತ ತೋರಿಸಿ ಅಂದೆ. ಮೈಸೂರಿನವರಿಗೆ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹತ್ತಿರದಲ್ಲೇ ಇದೆ. ಬೆಂಗಳೂರಿನ ಕಡೆಯವರಾದರೆ ನಿಮ್ಹಾನ್ಸ್ ಹೇಳುತ್ತೇನೆ. ಶಾಲೆಗೆ ಹೋಗದ ಮಕ್ಕಳ ವಿಷಯದಲ್ಲಿ ಇದು ಮುಖ್ಯ, ಯಾಕೆಂದರೆ ಗಮನಿಸುವ ಎರಡನೇ ಕಣ್ಣು ಅಲ್ಲಿ ಇರುವುದಿಲ್ಲ. ಆ ಪರೀಕ್ಷೆಯ ಫಲಿತಾಂಶವನ್ನು ಇಲ್ಲಿ ಬರೆಯುವುದಿಲ್ಲ, ಅದು ಆ ಹುಡುಗನ ಸ್ವಂತ ವಿಷಯ. ಅವನಿಗೆ ಬೇಕಾದ ಸಹಾಯ ಈಗ ಸಿಗುತ್ತಿದೆ.

ಅಪ್ಪನ ಜೊತೆ ಮಾತಾಡಿದಾಗ ಅವರ ಪ್ರಶ್ನೆಯ ಹಿಂದೆ ಇದ್ದದ್ದು ಅನುಮಾನ ಅಲ್ಲ, ಅವರಿಗೂ ಭಯವೇ. "ನಾಳೆ ಹತ್ತನೇ ಕ್ಲಾಸ್ ಸರ್ಟಿಫಿಕೇಟ್ ಎಲ್ಲಿಂದ ತರೋದು?" ಎರಡು ವರ್ಷದಿಂದ ಇದನ್ನು ಹೆಂಡತಿಯ ಹತ್ತಿರ ಕೇಳಿರಲಿಲ್ಲ, ಬೇಜಾರು ಮಾಡಿಕೊಳ್ಳುತ್ತಾರೆ ಅಂತ. ಇಂಥ ಭಯಕ್ಕೆ ಸಮಾಧಾನದ ಮಾತಿಗಿಂತ ಮಾಹಿತಿ ಕೊಡುವುದು ಮೇಲು. ಕೇಂದ್ರ ಸರ್ಕಾರದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, 3, 5 ಮತ್ತು 8ನೇ ತರಗತಿಗೆ ಸಮನಾದ ಎ, ಬಿ, ಸಿ ಹಂತಗಳನ್ನು ನಡೆಸುತ್ತದೆ. ಹತ್ತನೇ ತರಗತಿಗೆ ಸೇರಲು 14 ವರ್ಷ ತುಂಬಿರಬೇಕು. ಐದು ವಿಷಯ ಪಾಸಾಗಬೇಕು. ವರ್ಷಕ್ಕೆ ಎರಡು ಸಲ ಸಾರ್ವಜನಿಕ ಪರೀಕ್ಷೆ ಇರುತ್ತದೆ. ನೋಂದಣಿ ಐದು ವರ್ಷ ನಡೆಯುತ್ತದೆ, ಒಂದೊಂದೇ ವಿಷಯ ಬರೆದು ಮುಗಿಸಬಹುದು.

ಕಾನೂನಿನ ಮಾತನ್ನೂ ಮುಚ್ಚಿಡಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಅನ್ನುತ್ತದೆ. ಮನೆಯಲ್ಲಿ ಕಲಿಸುವುದರ ಹೆಸರನ್ನು ಅದು ಎತ್ತುವುದಿಲ್ಲ, ತಂದೆ ತಾಯಿಗೆ ಶಿಕ್ಷೆಯನ್ನೂ ಹೇಳುವುದಿಲ್ಲ. ಅದೇ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಓದು ನಡುವೆ ನಿಂತ ಮಗು ಮತ್ತೆ ಶಾಲೆಗೆ ಬಂದರೆ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಬೇಕಾದರೆ ವಿಶೇಷ ತರಬೇತಿ ಕೊಡಬೇಕು. ಬಾಗಿಲು ಮುಚ್ಚಿಲ್ಲ ಅಂತ ಗೊತ್ತಾದಾಗ ಅಪ್ಪನ ಮುಖ ಸಡಿಲವಾಯಿತು. ಅವರೇ ಫೋನಿನಲ್ಲಿ ಬರೆದುಕೊಂಡರು.

ಅವರಿಗೆ ಹೇಳಿದ್ದು ಎರಡೇ. ಊಟದ ಹೊತ್ತಿಗೆ "ಏನ್ ಕಲಿತ್ರಿ" ಬೇಡ. ನಿಮ್ಮ ದಿನದ ಯಾವುದಾದರೂ ಸಂಗತಿ ನೀವು ಮೊದಲು ಹೇಳಿ, ಮಕ್ಕಳ ಸರದಿ ತಾನಾಗೇ ಬರುತ್ತದೆ. ಇನ್ನೊಂದು, ಶನಿವಾರದ ಓಡಾಟ ಪೂರ್ತಿ ನಿಮ್ಮದು, ಮಕ್ಕಳ ಸಮೇತ. ಆ ಹೊತ್ತು ಅಮ್ಮನಿಗೆ ಬಿಡಿ, ಮಲಗಲಿ, ಗೆಳತಿಯ ಮನೆಗೆ ಹೋಗಲಿ, ಏನು ಮಾಡಿದರು ಅಂತ ಕೇಳಬೇಡಿ. ಎರಡು ವರ್ಷದಲ್ಲಿ ಅವರಿಗೆ ಮಕ್ಕಳಿಲ್ಲದ ಅರ್ಧ ದಿನ ಸಿಕ್ಕಿರಲಿಲ್ಲ. ನಿದ್ದೆ ಸರಿಯಾಗಲು ಉಳಿದ ಎಲ್ಲಕ್ಕಿಂತ ಇದೇ ಜಾಸ್ತಿ ಕೆಲಸ ಮಾಡಿತು ಅಂತ ನನ್ನ ನಂಬಿಕೆ.

ಅಜ್ಜಿಯನ್ನು ನಾನು ಕರೆಸಲಿಲ್ಲ. ಪಟ್ಟದ ಗೊಂಬೆಯಿಂದ ಹಿಡಿದು ಒಂದೊಂದು ಗೊಂಬೆ ಮನೆಗೆ ಬಂದ ಕಥೆ ಅವರಿಗೆ ಗೊತ್ತು, ಮಕ್ಕಳಿಗೆ ಹೇಳಿಸಿ, ಮಗಳು ಬರೆದುಕೊಳ್ಳಲಿ, ಅಂದೆ ಅಷ್ಟೇ. ಅಜ್ಜಿ ಮೂರು ರಾತ್ರಿ ಹೇಳಿದ್ದಾರೆ. ಕುಸಿದ ಗೋಡೆಯ ಮಾರ್ಕೆಟ್‌ಗೂ ಕೊನೆಗೆ ಕೆಳಗಿನ ಮೆಟ್ಟಿಲಲ್ಲಿ ಜಾಗ ಕೊಟ್ಟರಂತೆ.

ಮಗಳ ವಿಷಯದಲ್ಲಿ ನನ್ನನ್ನು ಕಾಡಿದ್ದು ಪಾಠ ಅಲ್ಲ, ಒಂಟಿತನ. ಅವಳ ಮಾತಿನಲ್ಲಿ ತನ್ನ ವಯಸ್ಸಿನವರ ಹೆಸರು ಒಂದೂ ಬರಲಿಲ್ಲ. ತಮ್ಮ, ಅಮ್ಮ, ಹೂವಿನಾಕೆ, ಟೈಲರ್ ತಾತ. ಹತ್ತು ವರ್ಷದ ಹುಡುಗಿಗೆ ಇದು ಸಾಲದು. ದಸರಾ ರಜೆಯಲ್ಲಿ ಬೀದಿಯ ಮಕ್ಕಳೆಲ್ಲ ಮನೆಯಲ್ಲೇ ಇರುತ್ತಾರೆ, ಗೊಂಬೆ ನೋಡಲು ಅವಳೇ ಹೋಗಿ ಕರೆಯಲಿ, ಗೊಂಬೆ ಬಾಗಿನ ಅವಳ ಕೈಲೇ ಕೊಡಿಸಿ ಅಂದೆ. ಬೇಸಿಗೆಗೆ ನಾಟಕ ಸಂಸ್ಥೆ ರಂಗಾಯಣ ನಡೆಸುವ ಮಕ್ಕಳ ಶಿಬಿರ ಚಿನ್ನರ ಮೇಳಕ್ಕೆ ಅರ್ಜಿ ಹಾಕಲು ಹೇಳಿದ್ದೇನೆ. ವಾರಕ್ಕೆ ಎರಡು ದಿನವಾದರೂ, ದೊಡ್ಡವರು ನಡುವೆ ಬಾರದ ಆಟ ಬೇಕು. ಗೊಂಬೆ ನೋಡಲು ಬಂದವರಲ್ಲಿ ಇಬ್ಬರು ಈಗ ಸಂಜೆ ಆಟಕ್ಕೆ ಬರುತ್ತಾರೆ.

ಎರಡು ತಿಂಗಳ ನಂತರದ ಭೇಟಿಯಲ್ಲಿ ಅಮ್ಮ ಚೆನ್ನಾಗಿ ನಿದ್ದೆ ಮಾಡುತ್ತಿದ್ದರು. ಲೆಕ್ಕದ ಪುಸ್ತಕ ಬೀರುವಿನಲ್ಲಿದೆ, ಒಂದೆರಡು ಸಲ ತೆಗೆದಿದ್ದೂ ಉಂಟು ಅಂದರು. ತೆಗೆಯಲಿ, ಪರವಾಗಿಲ್ಲ. ಹೊಸ ಸಂಗತಿ ಅಂದರೆ ಮಗಳು ಆರನೇ ತರಗತಿಗೆ ಶಾಲೆಗೆ ಹೋಗಿ ನೋಡಬೇಕು ಅಂತಿದ್ದಾಳೆ. ಅಮ್ಮನಿಗೆ ಇದು ತಮ್ಮ ಸೋಲು ಅನ್ನಿಸಿತ್ತು. ಶಾಲೆಯ ಹೆಸರೆತ್ತಿದರೆ ಹೊಟ್ಟೆನೋವು ಬರುತ್ತಿದ್ದ ಹುಡುಗಿ ತಾನಾಗಿ ಕೇಳುತ್ತಿದ್ದಾಳೆ ಅಂದರೆ ಈ ಎರಡು ವರ್ಷ ಅವಳಿಗೆ ಏನನ್ನೋ ಕೊಟ್ಟಿದೆ, ಅದನ್ನು ನಾನು ಅವರಿಗೆ ಹೇಳಿದೆ. ಮಗ ಮನೆಯಲ್ಲೇ ಮುಂದುವರಿಯಲಿ, ಇಬ್ಬರಿಗೂ ಒಂದೇ ದಾರಿ ಆಗಬೇಕಿಲ್ಲ.

ಏಪ್ರಿಲ್‌ನಲ್ಲೇ ಎರಡು ಮೂರು ಶಾಲೆ ನೋಡಿಕೊಂಡು ಬನ್ನಿ, ಅವಳನ್ನೂ ಕರೆದುಕೊಂಡು ಹೋಗಿ, ಕೇಳೋದನ್ನ ಅವಳೇ ಕೇಳಲಿ ಅಂದಿದ್ದೇನೆ. ಪಟ್ಟಿ ಬರೆಯಲು ಶುರು ಮಾಡಿದ್ದಾಳೆ. ಮೊದಲನೆಯದು: "ಮಧ್ಯಾಹ್ನ ಊಟಕ್ಕೆ ಎಷ್ಟು ಹೊತ್ತು ಬಿಡ್ತೀರಾ?"